ಮೂರನೇ ನೀರು

ಎಬೆಲೆ ಅಂದರೆ ಉಮುಗಾಮಾ ಊರಿನವರ ಮಾತಿನಲ್ಲಿ ಕರುಣೆ. ಹೆಸರಿಟ್ಟವರು ಮಗುವಿನ ಮುಖ ನೋಡಿ ಇಟ್ಟಿರಬೇಕು, ಒಳಗೇನಿದೆ ಅಂತ ನೋಡಿರಲಿಕ್ಕಿಲ್ಲ. ಆ ಊರಿನಲ್ಲಿ ಗೆಣಸು ಬೆಳೆದವರಿದ್ದಾರೆ, ಮರಗೆಣಸು ಬೆಳೆದವರಿದ್ದಾರೆ. ಆದರೆ ಸೇಡನ್ನು ನೀರೆರೆದು, ಗೊಬ್ಬರ ಹಾಕಿ, ಚಿಗುರು ಚಿವುಟಿ ಇಷ್ಟು ಚೆನ್ನಾಗಿ ಬೆಳೆದವಳು ಎಬೆಲೆ ಒಬ್ಬಳೇ.

ಶುರುವಾಗಿದ್ದು ಅವಳು ಮದುವೆಯಾಗಿ ಬಂದ ಹೊಸದರಲ್ಲಿ. ಮದುಮಗಳು ಮೊದಲ ಸಲ ಸಾರು ಮಾಡಿ ಉಮುವಾದಾಗೆ ಬಡಿಸಬೇಕು. ಉಮುವಾದಾ ಅಂದರೆ ಆ ಕುಲದಲ್ಲಿ ಹುಟ್ಟಿ ಬೇರೆ ಕಡೆ ಮದುವೆಯಾಗಿ ಹೋದ ಹೆಣ್ಣುಮಕ್ಕಳೆಲ್ಲ. ತವರಿಗೆ ಒಟ್ಟಾಗಿ ಬಂದರೆಂದರೆ ಊರ ಗಂಡಸರು ಕೂಡ ಕೆಮ್ಮುವಾಗ ಬಾಯಿಗೆ ಕೈ ಅಡ್ಡ ಇಟ್ಟುಕೊಳ್ಳುತ್ತಾರೆ. ಅವರಿಗೆಲ್ಲ ಮುಂದಾಳು ಎಬೆಲೆಯ ಗಂಡ ಒನ್ಯೆಕಾನ ಅಕ್ಕ. ಹಿರಿ ಮಗಳನ್ನು ಅಲ್ಲಿ ಅದಾ ಎಂದು ಕರೆಯುತ್ತಾರೆ, ಇವಳಿಗೆ ಆ ಪದವೇ ಹೆಸರಾಗಿ ಅಂಟಿಕೊಂಡಿತ್ತು.

ಎಬೆಲೆ ಮಾಡಿದ್ದು ಕಹಿಸೊಪ್ಪಿನ ಸಾರು. ತೀರಿಹೋದ ಅತ್ತೆಯ ಅಡುಗೆಮನೆ ಬಾಗಿಲ ಪಕ್ಕದಲ್ಲಿ ಆಕೆಯೇ ನೆಟ್ಟ ಹಳೇ ಗಿಡವಿತ್ತು. ಅದರಿಂದಲೇ ಎಲೆ ಕಿತ್ತಳು. ಅವಳ ತಾಯಿ ಹೇಳಿಕೊಟ್ಟಿದ್ದು ಒಂದೇ ಮಾತು: "ಎರಡು ಅಂಗೈ ನಡುವೆ ಬಟ್ಟೆ ಒಗ್ದಂಗೆ ಉಜ್ಜು, ಹಸಿರು ನೊರೆ ಬರುತ್ತೆ, ಚೆಲ್ಲು. ಮೂರು ನೀರು, ಅಷ್ಟೇ. ನಾಲ್ಕನೇ ನೀರಿಗೆ ಸೊಪ್ಪು ಸತ್ತೋಗುತ್ತೆ." ಹಾಗೇ ಮಾಡಿದಳು. ಕೆಸುವಿನ ಗೆಡ್ಡೆ ಕುಟ್ಟಿ ಸಾರಿಗೆ ಮಂದ ಕೊಟ್ಟಳು, ತಾಳೆಯೆಣ್ಣೆ, ಒಣಮೀನು ಹಾಕಿದಳು, ಸೊಪ್ಪನ್ನು ಕೊನೆಗೆ ಬಿಟ್ಟಳು.

ಅದಾ ಒಂದು ತುತ್ತು ಅದ್ದಿ ಬಾಯಿಗಿಟ್ಟಳು. ಎಲ್ಲರೆದುರು ಥೂ ಎಂದು ಉಗಿದಳು.

"ಇದೇನೇ ನಮ್ಮ ಹೆಂಡ್ತಿ, ಸಾರೋ ಕಷಾಯವೋ? ನಮ್ಮನ್ನ ಸಾಯಿಸೋಕೆ ಬಂದ್ಯಾ, ಸಂಸಾರ ಮಾಡೋಕೆ ಬಂದ್ಯಾ?"

ಗಂಡನ ಕುಲದವರೆಲ್ಲ ಸೊಸೆಯನ್ನು ನಮ್ಮ ಹೆಂಡತಿ ಎಂದೇ ಕರೆಯುವುದು. ಪ್ರೀತಿ ಬಂದಾಗ ಅದು ಸಕ್ಕರೆ, ಸಿಟ್ಟು ಬಂದಾಗ ಚಾಟಿ. ಅಂದು ಚಾಟಿ. ಅಷ್ಟಕ್ಕೇ ಬಿಟ್ಟಳೇ? ಉಳಿದ ಬುಟ್ಟಿ ಸೊಪ್ಪನ್ನು ಅಂಗಳದ ಉದಾಲಾ ಮರದ ಕೆಳಗೆ ತರಿಸಿ, ಮದುಮಗಳನ್ನು ಮಂಡಿಯೂರಿಸಿ, ಎಲ್ಲ ಹೆಂಗಸರ ಮುಂದೆ ತೊಳೆಸಿದಳು. ಹಸಿರು ಹೋಯಿತು, ನೊರೆ ಹೋಯಿತು, ಸೊಪ್ಪು ಬಿಳಿ ನಾರಾಗುವ ತನಕ ಬಿಡಲಿಲ್ಲ. ಎಬೆಲೆಯ ಅಂಗೈ ಸಿಪ್ಪೆ ಸುಲಿಯಿತು. ಹೆಂಗಸರು ನಕ್ಕರು. ಒನ್ಯೆಕಾ ಗೋಡೆಗೆ ಒರಗಿ ಹೆಬ್ಬೆರಳಿನ ಉಗುರು ನೋಡುತ್ತ ನಿಂತಿದ್ದ.

"ಕಹಿಗೈ," ಅಂದಳು ಅದಾ ಏಳುವಾಗ. "ಇವಳ ಕೈಯಲ್ಲೇ ಕಹಿ ಇದೆ." ಮರುದಿನ ಮಚ್ಚು ತರಿಸಿ, ಇನ್ನು ಈ ಮನೇಲಿ ಕಹಿ ಬೆಳೀಬಾರದು ಎಂದು ಬಾಗಿಲ ಪಕ್ಕದ ಗಿಡವನ್ನೂ ಬುಡಕ್ಕೇ ಕಡಿಸಿ, ಬೇರು ಕೀಳಿಸಿದಳು. ತನ್ನನ್ನೇ ಹೆತ್ತ ತಾಯಿ ನೆಟ್ಟ ಗಿಡ ಸ್ವಾಮಿ ಅದು!

ಆ ಹೆಸರು ಅಂಟಿಕೊಂಡಿತು. ತಿಥಿ ಇರಲಿ, ನಾಮಕರಣ ಇರಲಿ, ಊರ ಹೆಂಗಸರೆಲ್ಲ ವರ್ಷಕ್ಕೊಮ್ಮೆ ಸೇರುವ ಆಗಸ್ಟ್ ಸಭೆ ಇರಲಿ, ಎಬೆಲೆಗೆ ಸೌದೆ ಹೊರುವ ಕೆಲಸ, ನೀರು ತರುವ ಕೆಲಸ. ಮಡಕೆ ಹತ್ತಿರ ಹೋದರೆ ಯಾರಾದರೂ "ಏಯ್, ಕಹಿಗೈ ಬಂದ್ಳು, ಮುಚ್ಚಳ ಹಾಕ್ರೇ" ಅನ್ನುತ್ತಿದ್ದರು. ತಮಾಷೆಗೇ. ಆದರೆ ಅವಳ ಕೈಯಿಂದ ಆ ಊರಿನಲ್ಲಿ ಗಂಡ ಮಕ್ಕಳು ಬಿಟ್ಟು ಒಬ್ಬರೂ ಉಣ್ಣಲಿಲ್ಲ. ಎಬೆಲೆಗೆ ಬೇಕಾಗಿದ್ದು ಒಂದೇ: ಅದೇ ಉದಾಲಾ ಮರದ ಕೆಳಗೆ, ಅದೇ ಹೆಂಗಸರ ಮುಂದೆ, ಅದಾ ತನ್ನ ಕೈ ಸಾರಿಗೆ ಬಟ್ಟಲು ಚಾಚಬೇಕು.

ಗಿಡ ಕಡಿದ ದಿನ ಅದಾ ಒಂದು ತಪ್ಪು ಮಾಡಿದ್ದಳು. ಕಡಿದ ಕಡ್ಡಿಗಳನ್ನು ಸುಡಿಸಲಿಲ್ಲ. ಕಹಿಸೊಪ್ಪಿನ ಗಿಡಕ್ಕೆ ಬೀಜ ಯಾರಿಗೆ ಬೇಕು? ಕಡ್ಡಿ ಮುರಿದು ಮಣ್ಣಿಗೆ ಚುಚ್ಚಿದರೆ ಬೇರು ಬಿಡುತ್ತದೆ. ಎಬೆಲೆ ಒಂದೊಂದನ್ನೂ ಆಯ್ದುಕೊಂಡು ಹೋಗಿ ಚುಚ್ಚಿದಳು. ಮೇಕೆ ಗೂಡಿನ ಹಿಂದೆ, ಬಾಳೆಯ ನೆರಳಲ್ಲಿ, ಕೆಂಪು ಜಂಬಿಟ್ಟಿಗೆ ದಿಬ್ಬದ ಬಿಸಿಲಲ್ಲಿ, ದಾರಿಯ ಉದ್ದಕ್ಕೆ. ಕೆಲವು ವರ್ಷದಲ್ಲಿ ಅವಳ ಮನೆ ಸುತ್ತ ಕಹಿಯದೇ ಕೋಟೆ. ಅದಾ ತವರಿಗೆ ಬಂದಾಗ ಆ ಬೇಲಿ ದಾಟಿಯೇ ಬರಬೇಕು, ಮೂಗು ತಿರುಗಿಸಿಕೊಂಡು ಹೋಗುವಳು.

"ಬೇಲಿ ಚೆನ್ನಾಗಿದೆ ಕಹಿಗೈ, ಹಾವು ಬರಲ್ಲ."

"ಹಾವು ಬರುತ್ತೆ ಅದಾ. ಹಬ್ಬಕ್ಕೊಂದ್ಸಲ."

ಆ ಬೇಲಿಯೇ ಎಬೆಲೆಗೆ ಪಾಠ ಕಲಿಸಿತು. ಎಲ್ಲ ಒಂದೇ ತಾಯಿ ಗಿಡದ ಕಡ್ಡಿಗಳು. ಆದರೂ ಮೇಕೆ ಗೊಬ್ಬರದ ನೆರಳಲ್ಲಿ ಬೆಳೆದ ಎಲೆ ಅಂಗೈಯಗಲ, ಮೆತ್ತಗೆ, ನೀರುನೀರು. ಅದರ ಸಾರುಂಡು ಹೊಲಕ್ಕೆ ಹೋದರೆ ಮಧ್ಯಾಹ್ನಕ್ಕೇ ಮೊಣಕಾಲು ನಡುಗುತ್ತಿತ್ತು. ದಿಬ್ಬದ ಬಿಸಿಲಿನ ಎಲೆ ಚಿಕ್ಕದು, ಕಪ್ಪುಹಸಿರು, ನಾಲಿಗೆಯನ್ನು ಚಿವುಟುವ ಕಹಿ. ಆದರೆ ಅದನ್ನು ಉಂಡ ದಿನ ಸಂಜೆಯವರೆಗೂ ಗುದ್ದಲಿ ಭಾರವಾಗುತ್ತಿರಲಿಲ್ಲ. ಹೂ ಬಿಟ್ಟಮೇಲೆ ಕಿತ್ತರೆ ಮೂರು ನೀರಿಗೂ ಬಗ್ಗದ ಕಹಿ, ಮಳೆಗಾಲದ ಎಳೆಚಿಗುರಿಗೆ ಎರಡೇ ಸಾಕು. ಮರಳುಗಾಡಿನ ಒಣಗಾಳಿ ಬೀಸುವ ತಿಂಗಳಲ್ಲಿ ಎಲೆಯನ್ನು ಬಿಸಿಲಿಗೆ ಒಣಗಿಸಿದರೆ ಕಂದು ಕಸ, ನೆರಳಿಗೆ ಒಣಗಿಸಿದರೆ ಹಸಿರು ಉಳಿಯುತ್ತದೆ. ಇದನ್ನೆಲ್ಲ ಅವಳಿಗೆ ಯಾರೂ ಹೇಳಿಕೊಡಲಿಲ್ಲ, ಅವಳೂ ಯಾರಿಗೂ ಹೇಳಲಿಲ್ಲ. ಮೊದಲ ನೀರಿನ ಹಸಿರು ನೊರೆಯನ್ನು ಚೆಲ್ಲದೆ ಬೆಳಿಗ್ಗೆ ಒಂದು ಲೋಟ ಗಟಗಟ ಕುಡಿಯುತ್ತಿದ್ದಳು. ಒನ್ಯೆಕಾ ನೋಡಿ ಮುಖ ಹಿಂಡಿದರೆ, "ನಿಮ್ಮಕ್ಕನ ನೆನಪಿಗೆ" ಅನ್ನುತ್ತಿದ್ದಳು.

ಇತ್ತ ಅದಾ ಸೊಪ್ಪಿನ ಸಾರಿಗೆ ಹೆಸರುವಾಸಿಯಾದಳು. ಅಕಾನ್ವು ಅನ್ನುವ ಸವಳುಪ್ಪು ಹಾಕಿ ಸೊಪ್ಪನ್ನು ಕೊತಕೊತ ಕುದಿಸಿ, ಆಮೇಲೆ ನೀರು ತಿಳಿಯಾಗುವ ತನಕ ತೊಳೆಯುವಳು. "ನನ್ ಸಾರಲ್ಲಿ ಕಹಿ ಹುಡುಕಿಕೊಟ್ರೆ ಕೋಳಿ ಕೊಡ್ತೀನಿ" ಎಂದು ಸಭೆಯಲ್ಲಿ ಪಂಥ ಕಟ್ಟುವಳು. ಕೋಳಿ ಯಾರಿಗೂ ಸಿಗಲಿಲ್ಲ. ಎಬೆಲೆ ಸೌದೆ ಇಳಿಸುತ್ತ ಗೊಣಗುವಳು: "ಕಹಿ ಎಲ್ಲಿಂದ ಬರಬೇಕು? ಹೆಣಕ್ಕೆ ಸ್ನಾನ ಮಾಡ್ಸಿ ಮಡಕೇಲಿ ಮಲಗಿಸಿದ್ದಾಳೆ."

ಕಾಲ ಹೋಯಿತು. ಅದಾಳ ಗಂಡ ಸತ್ತ, ತವರಿಗೆ ಬಂದು, ಬೇಲಿಯಾಚೆ ತಾಯಿಯ ಹಳೇ ಮನೆಯಲ್ಲಿ ಉಳಿದಳು. ಒಂದು ಮಳೆಗಾಲ ಜ್ವರ ಹಿಡಿಯಿತು. ಜ್ವರ ಬಿಟ್ಟಿತು, ಬಾಯಿರುಚಿ ಬರಲಿಲ್ಲ. ಏನು ಕೊಟ್ಟರೂ ಮರದ ಹೊಟ್ಟು ಅನ್ನುವಳು. ತಾನೇ ಹೇಳಿ ಮಾಡಿಸಿದ ಬಿಳೀ ಸಾರನ್ನು ಬಟ್ಟಲು ಸಮೇತ ತಳ್ಳಿದಳು. ಅಷ್ಟು ದೊಡ್ಡ ಹೆಂಗಸು ಕೊಡೆಯ ಕಡ್ಡಿಯಂತಾದಳು. ಕೊನೆಗೆ ಅವಳ ಮಗಳು ಸೋಮ್ತೊ ಬೇಲಿ ದಾಟಿ ಬಂದಳು.

"ಅತ್ತೆ, ಅಮ್ಮಂಗೆ ಅಜ್ಜಿ ಮಾಡ್ತಿದ್ದ ಸಾರು ಬೇಕಂತೆ. ಅಜ್ಜಿ ಗಿಡದ ಸೊಪ್ಪು ನಿಮ್ಹತ್ರ ಮಾತ್ರ ಇರೋದಂತೆ. ಒಂದ್ ಹಿಡಿ ಕೊಡಿ."

ಎಬೆಲೆ ಎಲೆ ಕೀಳುತ್ತಿದ್ದವಳು ಕೈ ನಿಲ್ಲಿಸಲಿಲ್ಲ.

"ಹಿಡಿ ಯಾಕಮ್ಮ, ಸಾರೇ ಮಾಡಿ ಬಡಿಸ್ತೀನಿ. ಉಮುವಾದಾ ಸೇರೋ ದಿನ, ಉದಾಲಾ ಮರದ ಕೆಳಗೆ. ಆದ್ರೆ ಸೊಪ್ಪು ತೊಳೆಯೋದು ನಿಮ್ಮಮ್ಮ. ನಾನು ಸಾಕು ಅನ್ನೋ ತನಕ."

"ಅತ್ತೆ, ಅವಳಿಗೆ ನಿಲ್ಲೋಕೇ ಆಗಲ್ಲ!"

"ನಿಲ್ಲೋದು ಬೇಡ. ಕೂತೇ ತೊಳೀಲಿ. ನನ್ನನ್ನ ಮಂಡಿ ಊರಿಸಿದ್ಳು, ನಾನು ಅಷ್ಟು ಕೆಟ್ಟವಳಲ್ಲ."

ಅದಾ ಒಪ್ಪುವುದಿಲ್ಲ ಎಂದುಕೊಂಡರು. ಒಪ್ಪಿದಳು. ಹಸಿವು ಎಂಥವರನ್ನೂ ಬಗ್ಗಿಸುತ್ತದೆ, ನಾಲಿಗೆಯ ಹಸಿವು ಇನ್ನೂ ಕೆಟ್ಟದ್ದು.

ಆ ದಿನ ಬೇರೆ ಬೇರೆ ಊರುಗಳಿಂದ ಉಮುವಾದಾ ಬಂದು ನೆರೆದರು. ಕಣ್ಣು ಸರಿಯಾಗಿ ಕಾಣದ ಅಗ್ಬೊಮ್ಮಾ ಅಜ್ಜಿಯನ್ನೂ ಹೊತ್ತು ತಂದಿದ್ದರು. ಇಂಥದ್ದನ್ನು ಕೇಳಿಯಾದರೂ ಸಾಯುತ್ತೇನೆ ಎಂದು ಅಜ್ಜಿಯೇ ಹಟ ಮಾಡಿದ್ದಳಂತೆ. ಎಬೆಲೆ ಎರಡು ಒಲೆ ಹೂಡಿದಳು, ಎರಡು ಮಡಕೆ ಇಟ್ಟಳು. ದಿಬ್ಬದ ಬಿಸಿಲಿನ ಸೊಪ್ಪು ಒಂದು ಬುಟ್ಟಿಯನ್ನು ತಾನೇ ತೊಳೆದಿಟ್ಟುಕೊಂಡು, ಇನ್ನೊಂದು ಬುಟ್ಟಿಯನ್ನು ಅದಾಳ ಮುಂದೆ ಸರಿಸಿದಳು.

ಅದಾ ಚಿಕ್ಕ ಮಣೆ ಮೇಲೆ ಕುಳಿತು ಉಜ್ಜಲು ಶುರುಮಾಡಿದಳು. ಮೊದಲ ನೀರು, ದಟ್ಟ ಹಸಿರು. ಎರಡನೆಯದು ತೆಳು. ಮೂರನೆಯದನ್ನು ಚೆಲ್ಲಿ, ಒಂದೆಲೆ ಬಾಯಿಗಿಟ್ಟು ಅಗಿದು, ಕೈ ಒರೆಸಿಕೊಂಡಳು.

"ಸಾಕು. ಇನ್ನು ಉಜ್ಜಿದ್ರೆ ಸತ್ತೋಗುತ್ತೆ."

ಎಬೆಲೆ ಸೊಂಟದ ಮೇಲೆ ಕೈ ಇಟ್ಟು ಬಗ್ಗಿದಳು. "ಏನಂದ್ರಿ? ಇವರಿಗೆಲ್ಲ ಕೇಳೋ ಹಾಗೆ ಹೇಳಿ ಅದಾ."

"ಮೂರು ನೀರು ಸಾಕು ಅಂದೆ. ಅಮ್ಮ ಅಷ್ಟೇ ತೊಳೀತಿದ್ದಿದ್ದು."

"ಅಂದ್ರೆ ನಿಮಗೆ ಗೊತ್ತಿತ್ತು."

ಅದಾ ಸೊಪ್ಪಿನ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿದಳು.

"ಗೊತ್ತಿದ್ದೂ ಅವತ್ತು ಉಗಿದ್ರಿ. ತೊಳೀರಿ. ನಾನು ಸಾಕು ಅಂದಿಲ್ಲ ಇನ್ನೂ."

ನಾಲ್ಕನೆಯದು. ಐದನೆಯದು. ಯಾರೂ ನಗಲಿಲ್ಲ. ಎಬೆಲೆಗೇ ಮರುಕ ಹುಟ್ಟಿತು, ಅದಾಳ ಮೇಲಲ್ಲ, ಸೊಪ್ಪಿನ ಮೇಲೆ. ಅವಳ ದಿಬ್ಬದ ಸೊಪ್ಪು, ಬಿಸಿಲು ಕುಡಿದು ಬೆಳೆದದ್ದು, ಅದರ ಸತ್ವವೆಲ್ಲ ಅಂಗಳದ ಮಣ್ಣಿಗೆ ಹರಿದು ಹೋಗುತ್ತಿತ್ತು. ಸಾಕು ಎನ್ನಲು ಬಾಯಿ ತೆರೆದಳು. ಸುಲಿದ ಅಂಗೈ ನೆನಪಾಯಿತು. ಮುಚ್ಚಿದಳು.

ಸೊಪ್ಪು ಬಿಳಿ ನಾರಾದಾಗ ಅದಾ ತಲೆ ಎತ್ತದೆ ಹೇಳಿದಳು: "ಅವತ್ತು ಸಾರು ಚೆನ್ನಾಗಿತ್ತು. ಬಡಿಸೋಕೆ ಮುಂಚೆ ಒಲೆ ಹತ್ರ ಒನ್ಯೆಕಾ ಬೆರಳದ್ದಿ ನೆಕ್ಕಿ, 'ಅಕ್ಕಾ, ಅಮ್ಮ ಎದ್ದು ಬಂದಂಗಿದೆ' ಅಂದ. ಅಮ್ಮ ಸತ್ತು ವರ್ಷ ಆಗಿರ್ಲಿಲ್ಲ. ನಾನು ಎಷ್ಟು ಸಲ ಮಾಡಿದ್ರೂ ನನಗೆ ಆ ರುಚಿ ಬಂದಿರ್ಲಿಲ್ಲ. ಎಲ್ಲಿಂದಲೋ ಬಂದವಳಿಗೆ ಬಂತು."

"ಹಂಗಂದ್ರೆ ಇಷ್ಟು ವರ್ಷ ನಾವು ನಾರು ತಿಂದ್ವಿ?" ಎಂದಳು ಅಗ್ಬೊಮ್ಮಾ ಅಜ್ಜಿ. "ನನ್ನ ಹಲ್ಲೆಲ್ಲ ಸುಮ್ನೆ ಸವೆದೋಯ್ತಲ್ಲೇ!"

ಆಗ ಎಲ್ಲರೂ ನಕ್ಕರು. ಎಬೆಲೆ ನಗಲಿಲ್ಲ. ಒಂದು ಮಡಕೆಗೆ ಹಸಿರು ಸೊಪ್ಪು ಬಿಟ್ಟು ನಾಲ್ಕು ಕುದಿ ಬಂದ ಕೂಡಲೇ ಇಳಿಸಿದಳು. ಇನ್ನೊಂದಕ್ಕೆ ಅದಾ ತೊಳೆದ ಬಿಳಿ ನಾರು. ಹಸಿರು ಸಾರನ್ನು ಎಲ್ಲರಿಗೂ ಬಡಿಸಿದಳು. ಬಿಳಿಯದನ್ನು ಅದಾಳ ಮುಂದೆ ಇಟ್ಟಳು.

"ನೀವು ತೊಳೆದದ್ದು ನೀವು ಉಣ್ಣಿ. ಒಂಚೂರೂ ಕಹಿಯಿಲ್ಲ. ಇದ್ರೆ ಹೇಳಿ, ಕೋಳಿ ಕೊಡ್ತೀನಿ."

ಸೋಮ್ತೊ ಎದ್ದು ನಿಂತಳು. ಅದಾ ಕೈಸನ್ನೆಯಲ್ಲಿ ಕೂರಿಸಿದಳು. ಸುತ್ತ ಹೆಂಗಸರು ಮುದ್ದೆ ಮುರಿದು ಅದ್ದಿ, ಮೊದಲು ಕಣ್ಣು ಕಿವುಚಿ, ಆಮೇಲೆ ಅರಳಿಸಿ, ಬೆರಳು ನೆಕ್ಕುತ್ತಿದ್ದರು. ಅವರ ನಡುವೆ ಅದಾ ಆ ಹೊಟ್ಟನ್ನು ಕೊನೆಯ ತುತ್ತಿನವರೆಗೆ ಅಗಿದು ನುಂಗಿದಳು. ಬಟ್ಟಲು ತೊಳೆದಳು. ಎರಡೂ ಕೈಯಲ್ಲಿ ಹಿಡಿದು ಹಸಿರು ಮಡಕೆಯ ಕಡೆ ಚಾಚಿದಳು.

"ಯಾರ ಕೈಯಿಂದ ಬೇಕು?" ಎಬೆಲೆ ಸೌಟು ಎತ್ತಲಿಲ್ಲ.

"ನಿನ್ನ ಕೈಯಿಂದ."

"ನಂಗೊಂದು ಹೆಸರಿದೆ."

"ಎಬೆಲೆ," ಅಂದಳು ಅದಾ. "ಬಡಿಸು ಎಬೆಲೆ."

ಎಬೆಲೆ ಬಡಿಸಿದಳು. ಅರ್ಧ ಸೌಟು. ಅದಾ ಅದನ್ನು ನಾಲಿಗೆ ಮೇಲಿಟ್ಟುಕೊಂಡು ಕಣ್ಣು ಮುಚ್ಚಿ ಬಹಳ ಹೊತ್ತು ಕುಳಿತಳು. ಮತ್ತೆ ಬಟ್ಟಲು ಚಾಚಿದಾಗ ಎಬೆಲೆ ಮುಚ್ಚಳ ಹಾಕಿಬಿಟ್ಟಳು.

"ಉಳಿದದ್ದು ನಾಳೆ. ಬೇಲಿ ದಾಟಿ ಬನ್ನಿ. ಹೆಸರು ಹಿಡಿದು ಕೇಳಿ."

ಮುಂದಿನ ಆಗಸ್ಟ್ ಸಭೆಯಲ್ಲಿ ದೊಡ್ಡ ಮಡಕೆ ಎಬೆಲೆಯದೇ. ಸೌದೆ ಹೊರುವ ಕೆಲಸ ಸೋಮ್ತೊಗೆ ಬಿತ್ತು. ಅದಾ ದಿನವೂ ಬಟ್ಟಲು ಹಿಡಿದು ಬಂದಳು, ದಿನವೂ "ಎಬೆಲೆ, ಬಡಿಸು" ಅಂದಳು, ದಿನವೂ ಅರ್ಧ ಸೌಟು ಉಂಡಳು. ಮೈ ಹಿಡಿಯಿತು, ದನಿ ಮರಳಿತು. ದನಿ ಮರಳಿದ ಕೂಡಲೇ ಒಂದು ದಿನ, "ನನ್ನ ಬಾಗಿಲಿಗೂ ಒಂದು ಕಡ್ಡಿ ಕೊಡೇ, ಎಷ್ಟಂತ ನಿನ್ ಮನೆ ಅಲೀಲಿ?" ಅಂದಳು.

"ಕೊಡೋದೇನು, ನಾನೇ ನೆಟ್ಟು ಕೊಡ್ತೀನಿ" ಎಂದಳು ಎಬೆಲೆ. ದಿಬ್ಬದ ಗಿಡದಿಂದ ಒಳ್ಳೆ ಗಟ್ಟಿ ಕಡ್ಡಿ ಕಡಿದು, ಎಲೆ ಸವರಿ, ಅದಾಳ ಬಾಗಿಲ ಪಕ್ಕದಲ್ಲಿ, ಹಿಂದೆ ಅತ್ತೆಯ ಗಿಡವಿದ್ದ ಜಾಗದಲ್ಲೇ ಊರಿದಳು. ಮಣ್ಣು ಒತ್ತಿದಳು, ನೀರೂ ಹಾಕಿದಳು. ಅದಾಳ ಕಣ್ಣು ಈಗ ಮಂಜು. ಕಡ್ಡಿಯ ಮೊಗ್ಗುಗಳು ಮೇಲೆ ನೋಡುತ್ತಿವೆಯೋ ಕೆಳಗೆ ನೋಡುತ್ತಿವೆಯೋ ಅವಳಿಗೆ ಕಾಣಲಿಲ್ಲ.

ಕೆಳಗೆ ನೋಡುತ್ತಿದ್ದವು. ತಲೆಕೆಳಗಾಗಿ ನೆಟ್ಟ ಕಡ್ಡಿ ಅದು, ಬೇರು ಬಿಟ್ಟರೆ ಕೇಳಿ.

ಅದಾ ಅದಕ್ಕೆ ಬೆಳಿಗ್ಗೆ ಒಂದು ತಂಬಿಗೆ, ಸಂಜೆ ಒಂದು ತಂಬಿಗೆ ನೀರು ಹಾಕುತ್ತಾಳೆ. "ಇನ್ನೂ ಚಿಗುರಿಲ್ವಲ್ಲೇ ಎಬೆಲೆ" ಎಂದು ಮಧ್ಯಾಹ್ನ ಬಟ್ಟಲು ಹಿಡಿದು ಬರುತ್ತಾಳೆ.

"ಕಾಯಿರಿ ಅದಾ," ಎನ್ನುತ್ತಾಳೆ ಎಬೆಲೆ ಅರ್ಧ ಸೌಟು ಬಡಿಸುತ್ತ. "ಕೆಲವಕ್ಕೆ ವರ್ಷಗಟ್ಟಲೆ ಬೇಕು."