ಒಂಬತ್ತು ಹಳೆಯ ಕಾರ್ಡುಗಳು

ಚಿತ್ತಣ್ಣ, ನಿಮ್ಮ ಕೆಲಸ ಹೋದದ್ದು ನನ್ನಿಂದ. ನೀವು ಹಟ್ಟಿಗಳಿಗೆ ಹೋಗಿದ್ದಿರಿ, ಮನೆ ಎಣಿಸಿದ್ದಿರಿ, ಫಾರಂ ತುಂಬಿದ್ದಿರಿ — ನನಗೆ ಗೊತ್ತಿತ್ತು. ಗೊತ್ತಿದ್ದೂ ಸಾಹೇಬರೆದುರು ಸುಳ್ಳು ಹೇಳಿದೆ. ನಾಲ್ಕು ವರ್ಷವಾಯಿತು. 1975ರ ನನ್ನ ಡೈರಿ ಈಗ ಮುಂದಿದೆ. ಅದರಲ್ಲಿ ಎಲ್ಲವೂ ಇದೆ, ನಾನು ಮಾಡಿದ್ದೊಂದನ್ನು ಬಿಟ್ಟು.

ಆ ವರ್ಷವನ್ನು ನೆನೆದರೆ ಈಗಲೂ ಮನಸ್ಸಿಗೆ ಹಿತವಾಗುತ್ತದೆ — ಹಾಗಾಗುವುದಕ್ಕೆ ನಾಚಿಕೆಯೂ ಆಗುತ್ತದೆ. ಚಿತ್ರದುರ್ಗದ ನಮ್ಮ ಕಚೇರಿ, ಕಿಟಕಿಯ ತುಂಬ ಕೋಟೆಯ ಬಂಡೆ. ಯಾವ ಊರಿಗೆ ಮೊದಲು ಕೊಳವೆಬಾವಿ ಕೊರೆಯಬೇಕೆಂದು ತಿಳಿಯಲು ಸಮೀಕ್ಷೆ ನಡೆಯುತ್ತಿತ್ತು. ನೀವು ಹಿರಿಯೂರು ಕಡೆಯ ಊರುಗಳನ್ನು ನಡೆದೇ ಸುತ್ತಿ ಫಾರಂ ತುಂಬಿ ತರುತ್ತಿದ್ದಿರಿ. ನಾನು ಹೊಸದುರ್ಗದಿಂದ ಬಂದ ಇಪ್ಪತ್ಮೂರರ ಗುಮಾಸ್ತ. ಬೆಂಗಳೂರಿನಲ್ಲಿ ಎರಡು ತಿಂಗಳು ಕಂಪ್ಯೂಟರ್ ಪಾಠ ಕಲಿತು ಬಂದಿದ್ದೆ. ಆ ಹೆಮ್ಮೆ ನಡಿಗೆಯಲ್ಲೇ ಕಾಣುತ್ತಿತ್ತಂತೆ. ಲೆಕ್ಕದಯ್ಯ ಎಂದು ನೀವು ಹೆಸರಿಟ್ಟದ್ದು ಅದಕ್ಕೇ ಇರಬೇಕು.

ನಿಮ್ಮ ಫಾರಂಗಳನ್ನು ನಾನು ಅಂಕಣದ ಹಾಳೆಗಳಿಗೆ ಇಳಿಸಿ, ಚಿಕ್ಕಜಾಜೂರಿನಲ್ಲಿ ರೈಲು ಹತ್ತಿ ಬೆಂಗಳೂರಿಗೆ ಒಯ್ಯುತ್ತಿದ್ದೆ. ಅಲ್ಲಿ ಅವು ತೂತು ಬಿದ್ದ ಕಾರ್ಡುಗಳಾಗುತ್ತಿದ್ದವು. ಅವುಗಳ ಮುಂದೆ ನನ್ನ ಪ್ರೋಗ್ರಾಮಿನ ಕಟ್ಟು. ಆ ಕಟ್ಟಿನ ಮೊದಲಿಗೆ ಒಂಬತ್ತು ತಲೆಕಾರ್ಡುಗಳು — ಯಾವ ಅಂಕಣದಲ್ಲಿ ಏನಿದೆ ಎಂದು ಯಂತ್ರಕ್ಕೆ ತಿಳಿಸುವವು. ಕಾರ್ಡುಗಳ ಕ್ರಮ ತಪ್ಪದಿರಲೆಂದು ಕಟ್ಟಿನ ನೆತ್ತಿಗೆ ಓರೆಯಾಗಿ ಒಂದು ಕೆಂಪು ಗೆರೆ ಎಳೆದಿದ್ದೆ. ಒಂದು ಕಾರ್ಡು ಬದಲಾದರೂ ಗೆರೆ ತುಂಡಾಗಿ ಕಾಣುತ್ತಿತ್ತು. ಆ ಗೆರೆಯ ಮೇಲೆ ನನಗೆ ಎಂಥ ಪ್ರೀತಿ!

ಆಗಲೇ ನೀವು ಸಾಹೇಬರನ್ನು ಕೇಳಿದ್ದು. "ಊರು ಅಂತ ಬರ್ಕಂಡ್ರೆ ಹಟ್ಟಿ ಎಲ್ಲಿ ಬರ್ತೈತೆ ಸಾರ್? ಕುರಿ ಕಟ್ಕಂಡು ನಾವು ಊರಿಂದ ಮೂರು ಮೈಲಿ ಆಚೆ ಇದ್ದೀವಿ. ಊರ ಬಾವಿ ನಮಗ್ಯಾತಕ್ಕೆ ಆಗ್ತೈತೆ?" ಸಾಹೇಬರು ಒಪ್ಪಿದರು. ಹಟ್ಟಿಯ ಮನೆಗಳಿಗೆಂದೇ ಫಾರಂನಲ್ಲಿ ಹೊಸ ಅಂಕಣ ಬಂತು. ಅದನ್ನು ಓದಬಲ್ಲ ಒಂಬತ್ತು ಹೊಸ ತಲೆಕಾರ್ಡುಗಳನ್ನು ಬೆಂಗಳೂರಿನವರು ಅಂಚೆಯಲ್ಲಿ ಕಳುಹಿಸಿದರು. ಡೈರಿಯಲ್ಲಿ ಬರೆದಿದ್ದೇನೆ: "ಲಕೋಟೆ ಬಂತು. ಬೀರುವಿನಲ್ಲಿಟ್ಟೆ." ಹಳೆಯವು ಹನ್ನೊಂದು ಸಲ ಓಡಿದ್ದವು, ಒಂದು ಸಲವೂ ತಪ್ಪಿರಲಿಲ್ಲ. ಮತ್ತೆ, ಹೊಸವು ಸೇರಿದರೆ ಆ ಗೆರೆ ತುಂಡಾಗುತ್ತಿತ್ತು —

ಒಂದು ಭಾನುವಾರ ನಿಮ್ಮೊಂದಿಗೆ ಐಮಂಗಲದಲ್ಲಿ ಬಸ್ಸಿಳಿದು ನಿಮ್ಮ ಹಟ್ಟಿಗೆ ಬಂದೆ. ನಿಮ್ಮಮ್ಮ ನನ್ನ ಕೈಯ ಡೈರಿ ನೋಡಿ ನಕ್ಕರು. "ಏನಪ್ಪ, ಕುರೀನೂ ಎಣಿಸ್ತೀಯೇನು? ಅವು ನಿಂತ್ಕಳಲ್ಲ. ಮೊದ್ಲು ಕುಡಿ, ಬರ್ಕಳ್ಳಾದು ಆಮ್ಯಾಕೈತೆ." ಲಾರಿಗಳ ನಡುವೆ ಹೆದ್ದಾರಿ ದಾಟಿ ತಂದ ನೀರಿನಲ್ಲಿ ಕಡೆದ ಮಜ್ಜಿಗೆ ಅದು. ಆ ದಿನದ ಡೈರಿ: "ಹಟ್ಟಿ. ಮನೆ 43. ಮಜ್ಜಿಗೆ 2 ಲೋಟ." ಅಷ್ಟು ಸಂತೋಷದ ಸಾಲನ್ನು ನಾನು ಮತ್ತೆಂದೂ ಬರೆದಿಲ್ಲ.

ಹನ್ನೆರಡನೆಯ ಸಲ ಕಟ್ಟು ಓಡಿಸಿ, ಯಂತ್ರ ಅಚ್ಚೊತ್ತಿದ ಊರುಗಳ ಪಟ್ಟಿ ತಂದೆ. ನಾವು ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ಎರಡು ಬಗೆಯಲ್ಲಿ ದೂರುತ್ತದೆ. ತಪ್ಪು ಎಂದರೆ ಕೆಲಸ ನಿಲ್ಲುತ್ತದೆ. ಎಚ್ಚರಿಕೆ ಎಂದರೆ ಕೆಲಸ ಸಾಗುತ್ತದೆ, ಪಟ್ಟಿಯೂ ಕೈಗೆ ಬರುತ್ತದೆ. ರೈಲಿನಲ್ಲೇ ಬರೆದುಕೊಂಡೆ: "ತಪ್ಪು 0. ಎಚ್ಚರಿಕೆ 1." ಎಣಿಸಿದೆ, ಚಿತ್ತಣ್ಣ. ಓದಲಿಲ್ಲ.

ಮರುದಿನ ಸಾಹೇಬರು ಪಟ್ಟಿಯನ್ನು ಮೇಜಿನುದ್ದ ಹರಡಿದರು. ಹಟ್ಟಿಯ ಅಂಕಣದಲ್ಲಿ ಮೇಲಿನಿಂದ ಕೆಳಗಿನವರೆಗೂ ಸೊನ್ನೆ.

"ಏನಯ್ಯ ಚಿತ್ತಯ್ಯ, ಜಗಳ ಮಾಡಿ ಅಂಕಣ ಹಾಕಿಸಿದೆ. ಒಂದು ಹಟ್ಟಿಗೂ ಹೋಗೇ ಇಲ್ವಲ್ಲ."

"ಹೋಗೀನಿ ಸಾರ್. ಇವರೂ ಒಂದಿನ ಬಂದಿದ್ರು, ಕೇಳ್ರಿ."

ಸಾಹೇಬರು ನನ್ನತ್ತ ತಿರುಗಿದರು. "ಫಾರಂನಲ್ಲಿ ಏನಿದೆ?"

ನೀವು ತುಂಬಿದ ಫಾರಂಗಳು ಬೀರುವಿನಲ್ಲಿದ್ದವು. ಬೀಗದ ಕೈ ನನ್ನ ಜೇಬಿನಲ್ಲಿತ್ತು. ಹೊಸ ಯಂತ್ರದ ಮೊದಲ ದೊಡ್ಡ ಪಟ್ಟಿ, ಅದರ ಮೇಲೆ ನನ್ನ ಹೆಸರು — ಅದು ಕೆಡಬಾರದು ಎನ್ನುವುದೊಂದೇ ಆಗ ತಲೆಯಲ್ಲಿದ್ದದ್ದು.

"ಖಾಲಿ ಐತೆ ಸಾರ್," ಎಂದೆ. "ಫಾರಂನಾಗೆ ಇದ್ದದ್ದೇ ಪಟ್ಟಿಗೆ ಬರೋದು."

ನಾಳೆಯಿಂದ ಕೆಲಸಕ್ಕೆ ಬರಬೇಡ ಎಂದು ಸಾಹೇಬರು ನಿಮಗೆ ಹೇಳಿದರು. ಚೀಲ ಹೆಗಲಿಗೇರಿಸಿ, "ಹಂಗಾರೆ ಬರ್ತೀನಿ, ಲೆಕ್ಕದಯ್ಯ," ಎಂದಿರಿ. ಆ ಹೆಸರಿನಲ್ಲಿ ಅಂದು ನಗು ಇರಲಿಲ್ಲ.

ನೀವು ಹೋದ ಮೇಲೆ ಪಟ್ಟಿಯ ಮೊದಲ ಹಾಳೆ ಓದಿದೆ. ಇಂಗ್ಲಿಷಿನಲ್ಲಿ ಒಂದೇ ಸಾಲು. ಈ ತಲೆಕಾರ್ಡುಗಳು ಹಳೆಯವು, ಇವುಗಳ ಬದಲು ಹೊಸವು ಬಂದಿವೆ, ಹಳೆಯದನ್ನೇ ಬಳಸಿ ಮುಂದುವರಿಯಲಾಗಿದೆ — ಇಷ್ಟೇ ಅದರ ಅರ್ಥ. ಹಳೆಯ ಕಾರ್ಡುಗಳಿಗೆ ಹಟ್ಟಿಯ ಅಂಕಣವೇ ಗೊತ್ತಿರಲಿಲ್ಲ. ಗೊತ್ತಿಲ್ಲದ ಕಡೆ ಯಂತ್ರ ಸೊನ್ನೆ ಒತ್ತುತ್ತಾ ಹೋಗಿತ್ತು. ನಾನು ಎರಡು ಲೋಟ ಮಜ್ಜಿಗೆ ಕುಡಿದ ಹಟ್ಟಿಯಲ್ಲಿ, ಪಟ್ಟಿಯ ಪ್ರಕಾರ, ಒಂದು ಮನೆಯೂ ಇರಲಿಲ್ಲ.

ಯಂತ್ರ ಹೇಳಬೇಕಾದ್ದನ್ನು ಹೇಳಿತ್ತು. ಹೇಳದೆ ಉಳಿದವನು ನಾನು. ಸಾಹೇಬರ ಕೋಣೆ ಹತ್ತು ಹೆಜ್ಜೆ ದೂರ. ಎದ್ದು ಹೋಗಲಿಲ್ಲ — ಆ ದಿನವೂ, ಮರುದಿನವೂ, ಆಮೇಲೂ. ಆ ಹಾಳೆಯನ್ನು ಹರಿದು ಡೈರಿಯಲ್ಲಿ ಮಡಚಿಟ್ಟೆ. ಪಟ್ಟಿಯ ಪ್ರಕಾರ ಬಾವಿಗಳನ್ನು ಕೊರೆದರು. ನಿಮ್ಮ ಹಟ್ಟಿ ಅದರಲ್ಲಿರಲಿಲ್ಲ.

ಹೋದ ವಾರ ಹಿರಿಯೂರಿನ ಬಸ್ಸಿನಲ್ಲಿದ್ದೆ. ಐಮಂಗಲ ದಾಟಿದ ಮೇಲೆ ಬಸ್ಸು ತಡೆದು ನಿಂತಿತು. ಕೊಡ ಹೊತ್ತ ನಾಲ್ವರು ರಸ್ತೆ ದಾಟುತ್ತಿದ್ದರು. ಕೊನೆಯವರು ನಿಮ್ಮಮ್ಮ. ಚಾಲಕ ಹಾರನ್ ಒತ್ತಿದ. ಅವರು ಅವಸರಿಸಿದರು, ನೀರು ತುಳುಕಿತು. ನಾನು ಮುಖ ತಿರುಗಿಸಿಕೊಂಡೆ. ಅದನ್ನೂ ಬರೆದಿಟ್ಟುಕೊಂಡಿದ್ದೇನೆ.

ಸೋಮವಾರ ಸಾಹೇಬರ ಮೇಜಿನ ಮೇಲೆ ಆ ಹಾಳೆಯನ್ನೂ ನಿಮ್ಮ ಫಾರಂಗಳನ್ನೂ ಇಡುತ್ತೇನೆ. ಏನು ಹೇಳಿದ್ದೆ ಎಂಬುದನ್ನೂ ಹೇಳುತ್ತೇನೆ. ಅದಕ್ಕೆ ಮೊದಲು, ಭಾನುವಾರ, ಹಟ್ಟಿಗೆ ಬಂದು ನಿಮ್ಮಮ್ಮನ ಎದುರು ಈ ಕಾಗದ ಓದುತ್ತೇನೆ. ಕುಳಿತುಕೋ ಎನ್ನಬೇಡಿ. 1975ರ ಆ ಪುಟದಲ್ಲಿ "ತಪ್ಪು" ಎಂಬುದರ ಮುಂದಿದ್ದ ಸೊನ್ನೆಯನ್ನು ಹೊಡೆದುಹಾಕಿ 43 ಎಂದು ಬರೆದಿದ್ದೇನೆ.