ಹೆಗಲು ನೋಡಲು ಬಂದವರು

ಎರಡು ವರ್ಷದ ಹಿಂದೆ, ಆಷಾಢದ ಮೊದಲ ಮಂಗಳವಾರ ಸಂಜೆ ಐದಕ್ಕೆ, ಚಪ್ಪಟೆಯಾದ ಒಂದು ಹೆಬ್ಬೆರಳು ನನ್ನ ಬೆನ್ನಿನ ಬಲಗಡೆಯ ಹೆಗಲ ಮೂಳೆಯ ಅಂಚನ್ನು ಹುಡುಕಿ ಹಿಡಿಯಿತು. ಉಗುರು ಅಗಲವಾಗಿತ್ತು, ತುದಿ ಹಿಂದಕ್ಕೆ ಬಾಗಿತ್ತು. ದಿನವಿಡೀ ಬೇರೆಯವರ ಬೆನ್ನು ಒತ್ತಿ ಹಾಗಾದ ಬೆರಳು. ಆ ಬೆರಳಿನವರು ತಿಪಟೂರಿನ ನರ್ಸಿಂಗ್ ಹೋಮ್ ಒಂದರಲ್ಲಿ ಫಿಸಿಯೋಥೆರಪಿಸ್ಟ್ ಆಗಿದ್ದ ಹೆಣ್ಣುಮಗಳು. ನಾನು ಬಾಣಂತನಕ್ಕೆ ಹತ್ತಿರದ ಹಳ್ಳಿಯ ತವರಿಗೆ ಬಂದಿದ್ದೆ. ಮಗುವಿಗೆ ಎರಡು ತಿಂಗಳು ಆರು ದಿನ.

ಈ ಬರಹ ಹೊಟ್ಟೆಕಿಚ್ಚಿನಿಂದ ಬರೆದದ್ದು. ಹತ್ತು ವರ್ಷದಿಂದ ಪತ್ರಿಕೆಯೊಂದಕ್ಕೆ ತಾಲ್ಲೂಕಿನ ಸುದ್ದಿ ಬರೆಯುತ್ತಿದ್ದೇನೆ. ಸುದ್ದಿಯಲ್ಲಿ ಬರೆಯುವವರ ಸ್ವಂತ ವಿಷಯ ಸೇರಿದ್ದರೆ ಅದನ್ನು ಮೊದಲೇ ಹೇಳಿಬಿಡಬೇಕೆಂದು ನನಗೆ ಕಲಿಸಿದ್ದಾರೆ. ಆದ್ದರಿಂದ ಹೇಳುತ್ತೇನೆ. ಅವರು ನನ್ನ ಹೆಗಲು ಸರಿಮಾಡಲು ಬಂದರು, ಮಾಡಿದರು. ಜೊತೆಗೆ ನನ್ನ ಅಮ್ಮನನ್ನೂ ತಮ್ಮ ಕಡೆ ಮಾಡಿಕೊಂಡರು. ನಾನು ಅಮ್ಮನಿಗೆ ಒಬ್ಬಳೇ ಮಗಳು.

ಬಲಗೈಯಲ್ಲಿ ಮಗು, ಎಡಗೈಯಲ್ಲಿ ಫೋನು ಹಿಡಿದು ನಾನು ಹಾಲು ಕುಡಿಸುತ್ತಿದ್ದೆ. ರಜೆಯಲ್ಲಿದ್ದರೂ ಬೇರೆಯವರು ಬರೆದ ಸುದ್ದಿ ತಿದ್ದುವುದು ಬಿಟ್ಟಿರಲಿಲ್ಲ. ಬೆನ್ನು ಬಾಗಿ, ಬಲಗಡೆಯ ಹೆಗಲ ಮೂಳೆ ಕುಪ್ಪಸದೊಳಗೇ ಎದ್ದು ಕಾಣತೊಡಗಿತು. ಮಗುವನ್ನು ಐದು ನಿಮಿಷ ಎತ್ತಿಕೊಂಡರೆ ಕೈ ಜೋಮು ಹಿಡಿಯುತ್ತಿತ್ತು. ಬಾಟಲಿ ಹಾಲು ಶುರುಮಾಡೋಣ ಎಂಬ ಮಾತು ಮನೆಯಲ್ಲಿ ಬಂದಾಗ ಅಪ್ಪ ಈ ಫಿಸಿಯೋಥೆರಪಿಸ್ಟರಿಗೆ ಫೋನ್ ಮಾಡಿಸಿದರು.

ಮೊದಲ ದಿನ ಅವರು ನನ್ನನ್ನು ಮಲಗಿಸಲಿಲ್ಲ. "ಹಾಲು ಕುಡಿಸಿ, ನಾನು ನೋಡ್ತೀನಿ" ಎಂದು ಎದುರಿಗೆ ಕೂತರು. ಕೂತ ರೀತಿ ಹೇಳಬೇಕು. ಚಾಪೆಯ ಮೇಲೆ, ಗೋಡೆಗೆ ಒರಗದೆ, ಮುಕ್ಕಾಲು ಗಂಟೆ ನೆಟ್ಟಗೆ ಕೂತಿದ್ದರು. ಆಮೇಲೆ ನನ್ನ ಮೊಣಕೈ ಕೆಳಗೆ ಎರಡು ದಿಂಬು ತುರುಕಿದರು.

"ಮಗುನ ಎದೆ ಹತ್ರ ತನ್ನಿ ಕಣ್ರೀ. ಎದೇನ ಮಗು ಹತ್ರ ತಗಂಡೋಗ್ತಾ ಇದ್ದೀರ. ಅದುಕ್ಕೆ ರೆಕ್ಕೆ ಎದ್ದೈತೆ."

ಹೆಗಲ ಮೂಳೆಗೆ ಅವರು ಹೇಳುತ್ತಿದ್ದದ್ದು ರೆಕ್ಕೆ ಎಂದೇ. "ಎರಡು ರೆಕ್ಕೆ ಮಧ್ಯ ಒಂದು ವೀಳ್ಯದೆಲೆ ಇಟ್ಟವ್ರೆ ಅನ್ಕಳಿ. ಬೀಳಿಸ್ಬೇಡಿ. ಹತ್ತು ಎಣಿಸಿ, ಬುಡಿ."

ಬಾಗಿಲಲ್ಲಿ ನಿಂತಿದ್ದ ಅಮ್ಮ ತಡೆದಳು. "ಬಾಣಂತಿ ಕೈ ಎತ್ತಬಾರ್ದು ಮೇಡಂ. ನಮ್ಮ ಕಡೆ ಎತ್ತಿಸಲ್ಲ."

"ನೀವು ಹೇಳಿದಂಗೇ ಆಗ್ಲಿ ಅಮ್ಮ. ತಲೆ ಮೇಲಕ್ಕೆ ಬ್ಯಾಡ, ಭುಜದ ಮಟ್ಟಕ್ಕೆ ಸಾಕು. ಕೈಗೆ ಒಂಚೂರು ತೂಕ ಬೇಕಿತ್ತು. ಮನೇಲಿ ಏನೈತೆ?"

"ತೂಕಕ್ಕೇನವ್ವ, ಅಟ್ಟ ತುಂಬಾ ಕಾಯಿ ಐತೆ" ಎಂದ ಅಮ್ಮ ಅಪ್ಪನನ್ನು ಕೂಗಿದಳು.

ನಮ್ಮ ಹಿತ್ತಲ ಕೋಣೆಯ ಅಟ್ಟ ತಗ್ಗಿನದು. ನಿಂತು ಕೈಚಾಚಿದರೆ ಅಂಚಿನ ಕಾಯಿ ಸಿಗುತ್ತದೆ. ಅವರು ಅಟ್ಟ ನೋಡಿದರು, ಅಮ್ಮನನ್ನು ನೋಡಿದರು. "ಕೈಗೇ ಸಿಗುತ್ತಲ್ಲಮ್ಮ, ಅವ್ರನ್ನ ಯಾಕೆ ಕರೀತೀರ?"

"ನನ್ ಬಲಗೈ ಅಷ್ಟೆತ್ತರ ಹೋಗಲ್ಲ ಕಣವ್ವ. ಇವಳಿಗೆ ಹಾಲು ಕುಡಿಸ್ತಿದ್ದಾಗ ಹಿಡ್ಕಂಡಿದ್ದು."

ಆಗ ನನಗೆ ಮೂವತ್ತೆರಡು ವರ್ಷ. ಅಟ್ಟದಿಂದ ಏನು ಬೇಕಾದರೂ ಅಮ್ಮ ಅಪ್ಪನನ್ನೋ ನನ್ನನ್ನೋ ಕೂಗುತ್ತಿದ್ದಳು. ಅದು ಅವಳ ಅಭ್ಯಾಸ ಎಂದುಕೊಂಡಿದ್ದೆ. ಕಂಡದ್ದನ್ನು ಬರೆದು ಸಂಬಳ ತೆಗೆದುಕೊಳ್ಳುವವಳಿಗೆ ಕಾಣದ್ದು ಅವರಿಗೆ ಮೊದಲ ಭೇಟಿಯಲ್ಲೇ ಕಂಡಿತು. ಹೊಟ್ಟೆಕಿಚ್ಚು ಶುರುವಾದದ್ದು ಅಂದೇ.

ಅಪ್ಪ ಜುಟ್ಟು ಉಳಿಸಿ ಸುಲಿದು ಎರಡು ಕಾಯಿ ಕೊಟ್ಟರು. ವರ್ಷ ಅಟ್ಟದಲ್ಲಿದ್ದ ಕಾಯಿಯಲ್ಲಿ ನೀರು ಇಂಗಿ, ಒಳಗೆ ಕೊಬ್ಬರಿ ಚಿಪ್ಪು ಬಿಟ್ಟು ಉಂಡೆಯಾಗಿರುತ್ತದೆ. ಅಲ್ಲಾಡಿಸಿದರೆ ಗಡಗಡ ಎನ್ನುತ್ತದೆ, ತೂಕವೂ ಕಡಿಮೆ. ಅವರು ಒಂದೊಂದನ್ನೂ ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ ನನ್ನ ಕೈಗಿಟ್ಟರು. ಹೆಗಲು ಗಟ್ಟಿಯಾದಂತೆ ತೂಕ ಏರಬೇಕು: ಮೊದಲ ವಾರಗಳಲ್ಲಿ ವರ್ಷದ ಕಾಯಿ, ಆಮೇಲೆ ಆರು ತಿಂಗಳದ್ದು, ಕೊನೆಗೆ ನೀರು ತುಂಬಿದ ಹಸಿ ಕಾಯಿ. ಬೇರೆ ಬಾಣಂತಿಯರಿಗೂ ಹೀಗೇ ಮಾಡಿಸುತ್ತಿದ್ದರಂತೆ. ತಿಪಟೂರಿನ ಸುತ್ತ ಕಾಯಿಯಿಲ್ಲದ ಮನೆ ಅವರಿಗೆ ಸಿಕ್ಕಿರಲಿಲ್ಲ.

ಮಂಗಳವಾರ, ಶುಕ್ರವಾರ ಬರುತ್ತಿದ್ದರು. ಸ್ಕೂಟರ್ ಸದ್ದು ಕೇಳಿದರೆ ಅಮ್ಮ ಹೆಂಚು ಒಲೆಗೇರಿಸುತ್ತಿದ್ದಳು. ನನಗೆ ಬಾಣಂತಿ ಪಥ್ಯದ ಮೆಣಸಿನ ಸಾರು, ಅವರಿಗೆ ಬಿಸಿ ರಾಗಿರೊಟ್ಟಿ, ಬೆಣ್ಣೆ, ಹುಚ್ಚೆಳ್ಳು ಚಟ್ನಿ. ನನ್ನ ಮಗಳು ಅತ್ತರೆ ಅವರು ಎತ್ತಿಕೊಂಡು ಹೆಗಲಿಗೆ ಹಾಕಿಕೊಳ್ಳುತ್ತಿದ್ದರು. ಒಮ್ಮೆ ಗಡಿಯಾರ ನೋಡಿದೆ. ಅವರ ಹೆಗಲ ಮೇಲೆ ಮಗು ಎರಡು ನಿಮಿಷಕ್ಕೆ ಸುಮ್ಮನಾಯಿತು. ಬೆಳಿಗ್ಗೆ ನನಗೆ ಅರ್ಧ ಗಂಟೆ ಹಿಡಿದಿತ್ತು.

ನನ್ನ ಸರದಿ ಮುಗಿದ ಮೇಲೆ ಅಮ್ಮನನ್ನು ಗೋಡೆಗೆ ನಿಲ್ಲಿಸುತ್ತಿದ್ದರು. ಅಮ್ಮ ಗೋಡೆಯ ಮೇಲೆ ಬೆರಳಲ್ಲಿ ನಡೆಯುತ್ತಾ ಕೈಯನ್ನು ಮೇಲಕ್ಕೆ ಒಯ್ಯಬೇಕು. ಮುಟ್ಟಿದ ಎತ್ತರಕ್ಕೆ ಅವರು ಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದರು. ನೋವಾದರೆ ಅಮ್ಮ ಅವರನ್ನು ಬಯ್ಯುತ್ತಿದ್ದಳು. "ನಿನ್ ಕೈ ಸೇದೋಗ, ಮೆತ್ತಗೆ ಹಿಡಿಯೇ." ಅಷ್ಟು ಸಲಿಗೆಯಿಂದ ಅಮ್ಮ ಬಯ್ಯುತ್ತಿದ್ದದ್ದು ಅಲ್ಲಿಯವರೆಗೆ ನನ್ನೊಬ್ಬಳನ್ನೇ.

ಮೂರನೆಯ ವಾರ ಅಮ್ಮ ಹೇಳಿದಳು, "ನೀನು ನನ್ ಹೊಟ್ಟೇಲಿ ಹುಟ್ಟಬೇಕಾಗಿತ್ತು ಕಣವ್ವ."

"ಹುಟ್ಟಿದ್ರೆ ನನ್ ಮಾತು ಕೇಳ್ತಿರ್ಲಿಲ್ಲ ಬುಡಿ" ಎಂದು ಅವರು ನಕ್ಕರು. "ಸ್ವಂತ ಮಕ್ಕಳ ಮಾತು ಯಾರು ಕೇಳ್ತಾರೆ?"

ಇಬ್ಬರೂ ನನ್ನ ಕಡೆ ನೋಡಿ ನಕ್ಕರು. ನಾನು ನಗಲಿಲ್ಲ. ಮರುದಿನ ಅಡುಗೆಮನೆಯಿಂದ ಎರಡು ಹಸಿ ಕಾಯಿ ತಂದು, ಗೋಡೆಯ ಪಕ್ಕ ನನಗೆಂದು ಇಟ್ಟಿದ್ದ ವರ್ಷದ ಕಾಯಿಯ ಜಾಗದಲ್ಲಿಟ್ಟೆ. ಹೆಗಲು ಬೇಗ ಗಟ್ಟಿಯಾದರೆ ಅವರು ಬರುವುದು ಬೇಗ ನಿಲ್ಲುತ್ತದೆ ಎಂಬುದು ನನ್ನ ಲೆಕ್ಕ. ಶನಿವಾರ ಎತ್ತಿದೆ, ಭಾನುವಾರವೂ ಎತ್ತಿದೆ. ಸೋಮವಾರ ಬೆಳಿಗ್ಗೆ ಬಲಗೈ ಹಾಸಿಗೆಯಿಂದ ಮೇಲೇಳಲಿಲ್ಲ. ಅಮ್ಮ ಮಗುವನ್ನು ತಂದು ನನ್ನ ಎದೆಗೆ ಹಿಡಿದು ಕೂತಳು. ದಿನವೆಲ್ಲ ಹಾಗೆಯೇ ನಡೆಯಿತು. ಬಾಟಲಿಯ ಮಾತು ಮತ್ತೆ ಬಂತು.

ಮಂಗಳವಾರ ಅವರು ಬಂದವರೇ ಗೋಡೆಯ ಪಕ್ಕದ ಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದರು. ನೀರಿನ ಸದ್ದು ನನಗೂ ಕೇಳಿಸಿತು. ಅಮ್ಮ ಒಲೆಯ ಹತ್ತಿರ ಇದ್ದಳು.

"ಯಾವತ್ತು ಬದಲಾಯಿಸಿದ್ರಿ?"

"ಶನಿವಾರ."

"ನಾನು ಬರೋದು ಬೇಗ ನಿಲ್ಲಲಿ ಅಂತಾನಾ?"

ಪ್ರಶ್ನೆ ಕೇಳುವುದು ನನ್ನ ಕೆಲಸ. ಅಂದು ಉತ್ತರ ಕೊಡುವ ಸರದಿ ನನ್ನದು. "ಹೌದು" ಎಂದೆ.

ಅವರು ಕಾಯಿಗಳನ್ನು ಕಿಟಕಿಯ ಕಟ್ಟೆಯ ಮೇಲಿಟ್ಟರು. "ಈಗ ಇನ್ನೂ ಹದಿನೈದು ದಿನ ಜಾಸ್ತಿ ಬರ್ಬೇಕು. ನಿಮ್ದೇ ತಪ್ಪು" ಎಂದು ನನ್ನ ಬೆನ್ನ ಹಿಂದೆ ಕೂತರು. ಹೆಬ್ಬೆರಳು ಮೂಳೆಯ ಅಂಚಿಗೆ ಬಂತು. ಒತ್ತುತ್ತಲೇ ಹೇಳಿದರು. ತಮ್ಮೂರು ಬೋರನಕಣಿವೆಯ ಕಡೆಯ ಒಂದು ಹಟ್ಟಿ. ತಮ್ಮಪ್ಪ ಕುರಿ ಸಾಕುವವರು. ನಾಲ್ಕನೇ ಕ್ಲಾಸಿನಲ್ಲಿದ್ದಾಗ ತಾಯಿ ತೀರಿಕೊಂಡರು. "ನಿಮ್ಮನೆ ನನ್ ದಾರೀಲಿ ಮೊದ್ಲು ಸಿಗುತ್ತೆ. ಆದ್ರೂ ಕೊನೇಗೆ ಇಟ್ಕಂಡಿದ್ದೀನಿ. ಬೇರೆ ಮನೆಗೆ ಹೋಗೋ ಅವಸರ ಇರಲ್ಲ, ಕೂತ್ಕಂಡು ರೊಟ್ಟಿ ತಿನ್ಬೋದು ಅಂತ."

ಅಮ್ಮ ತಟ್ಟೆ ತಂದಳು. "ಏನಂತೆ ಕೈಗೆ?" ಎಂದಳು.

"ಸ್ವಲ್ಪ ಉಳುಕೈತೆ ಅಮ್ಮ" ಎಂದರು ಅವರು. ಕಾಯಿಯ ಮಾತು ಹೇಳಲಿಲ್ಲ. ಅದಕ್ಕೂ ನನಗೆ ಅವರ ಮೇಲೆ ಸಿಟ್ಟು ಬಂತು. ಹೇಳಿಬಿಟ್ಟಿದ್ದರೆ ಅಮ್ಮ ನನ್ನನ್ನು ಮೊದಲಿನ ಸಲಿಗೆಯಲ್ಲೇ ಬಯ್ಯುತ್ತಿದ್ದಳು.

ಮತ್ತೆ ವರ್ಷದ ಕಾಯಿಯಿಂದ ಶುರುಮಾಡಿದೆವು. ದೀಪಾವಳಿಯ ಹೊತ್ತಿಗೆ ಹಸಿ ಕಾಯಿ ನೋವಿಲ್ಲದೆ ಎತ್ತುತ್ತಿದ್ದೆ. ಮೂಳೆ ತನ್ನ ಜಾಗಕ್ಕೆ ಬಂದಿತ್ತು. ಮಗಳು ಒಂದೂವರೆ ವರ್ಷದವರೆಗೆ ನನ್ನ ಹಾಲು ಕುಡಿದಳು. ಬಾಟಲಿ ಮನೆಗೆ ಬರಲಿಲ್ಲ. ಇದು ಅವರ ಕೆಲಸ ಎಂದು ಇಲ್ಲಿ ದಾಖಲಿಸುತ್ತೇನೆ.

ನಾನು ತಿಪಟೂರಿನ ಗಂಡನ ಮನೆಗೆ ಮರಳಿದ ಮೇಲೂ ಅವರು ಅಮ್ಮನ ಕೈ ನೋಡಲು ಹಳ್ಳಿಗೆ ಹೋಗುತ್ತಿದ್ದರು. ಸಂಕ್ರಾಂತಿ ಕಳೆದ ಒಂದು ಶುಕ್ರವಾರ, ನಾನು ಕೊಬ್ಬರಿ ಹರಾಜಿನ ಸುದ್ದಿಗೆ ಮಾರುಕಟ್ಟೆಯಲ್ಲಿದ್ದಾಗ, ಅವರಿಂದ ಹನ್ನೊಂದು ಸೆಕೆಂಡಿನ ವಿಡಿಯೊ ಬಂತು. ಅಮ್ಮ ಬಲಗೈ ಚಾಚಿ ಅಟ್ಟದ ಅಂಚಿನಿಂದ ಕಾಯಿ ತೆಗೆದು, ಕಿವಿಯ ಹತ್ತಿರ ಅಲ್ಲಾಡಿಸಿ, ಫೋನು ಹಿಡಿದವರ ಕಡೆ ನೋಡಿ ನಗುತ್ತಾಳೆ. ಆ ವಿಡಿಯೊ ಈಗಲೂ ನನ್ನ ಫೋನಿನಲ್ಲಿದೆ. ಎದುರಿಗಿದ್ದು ನೋಡಿದವರು ಅವರು.

ಆ ವರ್ಷದ ವೈಶಾಖದಲ್ಲಿ ಅವರ ಮದುವೆಯಾಯಿತು. ಗಂಡನ ಊರು ಹಾಸನದ ಕಡೆ. ಹೋಗುವ ಮುಂಚೆ ನನ್ನನ್ನು ಗೋಡೆಗೆ ನಿಲ್ಲಿಸಿ ಎರಡೂ ಮೂಳೆ ಮುಟ್ಟಿ ನೋಡಿ, "ವೀಳ್ಯದೆಲೆ ಬಿದ್ದಿಲ್ಲ ಕಣ್ರೀ" ಎಂದರು. ಧನ್ಯವಾದ ಹೇಳಬೇಕಿತ್ತು. "ಮಳೆ ಬರಂಗೈತೆ, ಹೊರಡಿ" ಎಂದೆ.

ಕಳೆದ ತಿಂಗಳು ಅವರಿಗೆ ಹೆಣ್ಣು ಮಗು ಹುಟ್ಟಿತು. ಬಾಣಂತನ ಮಾಡಲು ತಾಯಿ ಇಲ್ಲ. ಅಮ್ಮ ನನ್ನನ್ನು ಕೇಳಲಿಲ್ಲ, ತಿಳಿಸಿದಳು. "ಮೂರು ತಿಂಗಳು ಇದ್ದು ಬತ್ತೀನಿ ಕಣೇ. ನಿಮ್ಮಪ್ಪಂಗೆ ಭಾನುವಾರ ಬಂದು ಸಾರು ಮಾಡಿಕೊಟ್ಟು ಹೋಗು."

ಕಿಬ್ಬನಹಳ್ಳಿ ಕ್ರಾಸಿನಲ್ಲಿ ಬಸ್ಸು ಹತ್ತಿಸಿದವಳು ನಾನು. ಚೀಲದಲ್ಲಿ ಅಂಟಿನುಂಡೆ, ಹರಳೆಣ್ಣೆ, ಹಳೆ ಸೀರೆಗಳು, ಜುಟ್ಟು ಉಳಿಸಿ ಸುಲಿದ ನಾಲ್ಕು ಕಾಯಿ ಇದ್ದವು. ಎರಡು ಅಟ್ಟದ್ದು, ಎರಡು ಹಸಿಯದು. ಚೀಲವನ್ನು ಬಸ್ಸಿನ ಮೇಲಿನ ಹಲಗೆಗೆ ಎತ್ತಿಡಲು ನಾನು ಕೈ ಹಾಕಿದೆ. "ಬುಡು" ಎಂದ ಅಮ್ಮ ತಾನೇ ಬಲಗೈಯಲ್ಲಿ ಎತ್ತಿಟ್ಟಳು.

ಅಮ್ಮ ಹೋಗಿ ಇವತ್ತಿಗೆ ಹತ್ತೊಂಬತ್ತು ದಿನ. ನಿನ್ನೆ ಬೆಳಿಗ್ಗೆ ಅಮ್ಮನ ಫೋನಿಗೆ ಕರೆ ಮಾಡಿದೆ. ಎತ್ತಿದವರು ಅವರು. "ಅಮ್ಮ ಮಗೂಗೆ ನೀರು ಹಾಕ್ತಾವ್ರೆ, ಆಮೇಲೆ ಮಾಡಿಸ್ತೀನಿ" ಎಂದರು. ಇದನ್ನು ಬರೆಯುವ ಹೊತ್ತಿಗೆ ಕರೆ ಬಂದಿಲ್ಲ.