ವೆನಿಸ್‌ನಲ್ಲಿ ನಕ್ಕವಳು

ಡಬ್ಬಿಂಗ್ ಸ್ಟುಡಿಯೋದಲ್ಲಿ ಅವಳನ್ನು ಎಲ್ಲರೂ ನಗೆಯಕ್ಕ ಎಂದೇ ಕರೆಯುತ್ತಿದ್ದರು. ಪರದೇಶದ ನಾಯಕಿ ಕಿಸಕ್ಕೆಂದು ನಗಲಿ, ಬಿದ್ದು ಬಿದ್ದು ನಗಲಿ, ಅಳುವಿನ ನಡುವೆ ನಗಲಿ, ಆ ತುಟಿಗೆ ತಕ್ಕಂತೆ ಒಂದೇ ಟೇಕಿನಲ್ಲಿ ನಕ್ಕುಬಿಡುತ್ತಿದ್ದಳು. ಗಂಡನದೂ ಅದೇ ಕಸುಬು. ನಾಯಕರಿಗೆ ದನಿ ಕೊಡುವವನು. ಮೊಣಕೈಗೆ ಮೊಣಕೈ ತಾಗುವ ಇಕ್ಕಟ್ಟಿನ ಕೋಣೆಯಲ್ಲಿ, ಒಂದೇ ಮೈಕಿನ ಮುಂದೆ, ಇಪ್ಪತ್ತೆರಡು ವರ್ಷ ಇಬ್ಬರೂ ಕಂಡವರ ಪ್ರೀತಿಯನ್ನೆಲ್ಲ ಮಾಡಿದ್ದರು. ಮದುವೆಯ ಮಾತು ಬಂದದ್ದೂ ಅಲ್ಲೇ. ಒಂದು ಟೇಕ್ ಮುಗಿದ ಮೇಲೂ ಅವನು ಮಾತು ನಿಲ್ಲಿಸಲಿಲ್ಲ.

"ಇದು ಸ್ಕ್ರಿಪ್ಟಲ್ಲಿಲ್ಲ" ಅಂದಿದ್ದಳು.

"ಅದಕ್ಕೇ ನಿನ್ನನ್ನ ಕೇಳ್ತಿರೋದು" ಅಂದಿದ್ದ.

ಎರಡು ವರ್ಷದ ಹಿಂದೆ ಅವನ ಗಂಟಲಲ್ಲಿ ಗಡ್ಡೆ ಕಾಣಿಸಿತು. ವೈದ್ಯರು ಧ್ವನಿಪೆಟ್ಟಿಗೆಯನ್ನೇ ತೆಗೆದರು. ಈಗ ಕತ್ತಿನಲ್ಲಿ ಉಸಿರಾಡಲು ಒಂದು ತೂತು, ಜೇಬಿನಲ್ಲಿ ಮಾತಾಡಲು ಒಂದು ಪುಟ್ಟ ಪುಸ್ತಕ. ಚಿಕಿತ್ಸೆಯಿಂದ ಕಿವಿಯೂ ಮಂದವಾಗಬಹುದು ಎಂದು ವೈದ್ಯರು ಎಚ್ಚರಿಸಿದಾಗ ಅವನು ದೊಡ್ಡಕ್ಷರದಲ್ಲಿ ಬರೆದು ತೋರಿಸಿದ್ದ: 'ನನ್ನ ಕಿವಿಗೆ ಏನೂ ಆಗಲ್ಲ.' ಅವಳು ಅಡುಗೆಮನೆಯಿಂದ ಎರಡೆರಡು ಸಲ ಕೂಗುವ ಹಾಗಾದರೂ ಆ ವಿಷಯ ಎತ್ತಲಿಲ್ಲ. ಉಳಿದಿರುವುದು ಅದೊಂದೇ, ಅದನ್ನೂ ಯಾವ ಬಾಯಿಂದ ಕಿತ್ತುಕೊಳ್ಳುವುದು?

ಹೀಗಿರುವಾಗ ಆ ಸಿನಿಮಾ ಬಂತು. ಮದುವೆಯಾಗಿ ಹತ್ತು ವರ್ಷ ಕಳೆದ ಗಂಡ ಹೆಂಡತಿ ರೈಲು ಹತ್ತಿ ಯುರೋಪು ಸುತ್ತುವ ತಮಾಷೆಯ ಕಥೆ. ಪ್ಯಾರಿಸ್‌ನಲ್ಲಿ ಜಗಳ, ವಿಯೆನ್ನಾದಲ್ಲಿ ರಾಜಿ, ಸೂಟ್‌ಕೇಸ್ ಒಂದು ಊರಿಗೆ, ಇವರು ಇನ್ನೊಂದು ಊರಿಗೆ. ವೆನಿಸ್‌ನಲ್ಲಿ ಗಂಡ ಹೆಂಡತಿಗೆ ಹೂವು ಕೊಡಲು ಹೋಗಿ ದೋಣಿಯಿಂದ ದೊಪ್ಪನೆ ನೀರಿಗೆ ಬೀಳುತ್ತಾನೆ. ಅವಳು ದಡದಲ್ಲಿ ಪೂರಾ ಒಂದು ನಿಮಿಷ ನಗುತ್ತಾಳೆ. ಆ ನಗುವಿಗಾಗಿಯೇ ಇವಳನ್ನು ಕರೆಸಿದ್ದರು.

ಈಗೆಲ್ಲ ಒಬ್ಬೊಬ್ಬರನ್ನೇ ಕರೆದು ರೆಕಾರ್ಡ್ ಮಾಡುತ್ತಾರೆ. ನಾಯಕನ ದನಿಯವನು ಯಾರೋ, ಮುಖವನ್ನೂ ನೋಡಿರಲಿಲ್ಲ. ಅವಳು ಹೆಡ್‌ಫೋನ್ ಹಾಕಿ ಪರದೆ ನೋಡಿದಳು. ಗಂಡ ನೀರಿಗೆ ಬಿದ್ದ. ಇವಳ ಬಾಯಿಂದ ಹೊರಟದ್ದು ಕೆಮ್ಮಿನಂಥದ್ದೇನೋ.

"ಅಕ್ಕಾ, ಇನ್ನೊಂದ್ಸಲ" ಅಂದ ಗಾಜಿನ ಆಚೆಯ ಸೌಂಡ್ ಇಂಜಿನಿಯರ್.

ಇನ್ನೊಂದು ಸಲ, ಮತ್ತೊಂದು ಸಲ. ಪರದೆಯ ಮೇಲಿನ ಗಂಡ ನೀರಿನಿಂದ ತಲೆಯೆತ್ತಿ ಬಾಯ್ತುಂಬ ಏನೋ ಬೈಯುತ್ತಿದ್ದ. ಅದನ್ನು ಕಂಡಾಗಲೆಲ್ಲ ಇವಳ ನಗು ಅರ್ಧಕ್ಕೇ ನಿಲ್ಲುತ್ತಿತ್ತು. ಹದಿನೇಳನೇ ಟೇಕಿಗೆ ಇಂಜಿನಿಯರ್ ಮೆತ್ತಗೆ ಹೇಳಿದ, "ಆಯ್ತು ಅಕ್ಕಾ, ನಡಿಯತ್ತೆ." ಇಷ್ಟು ವರ್ಷ ಆ ಕಸುಬಿನಲ್ಲಿದ್ದವಳಿಗೆ ಅದು ನಡೆಯುವುದಿಲ್ಲವೆಂದು ತಿಳಿಯದೇ?

ಮನೆಗೆ ಬಂದಾಗ ಗಂಡ ಪುಸ್ತಕ ಹಿಡಿದು ಬಾಗಿಲಲ್ಲೇ ನಿಂತಿದ್ದ. 'ನಗು ಹೇಗೆ ಬಂತು?'

"ಒಂದೇ ಟೇಕು" ಅಂದಳು. ಅವನ ಮುಖ ಅರಳಿತು.

ಹದಿನೈದು ದಿನಕ್ಕೆ ಫೋನ್ ಬಂತು. ನಿರ್ಮಾಪಕರಿಗೆ ಇನ್ನೂ ಎಳೆಯ ದನಿ ಬೇಕಂತೆ, ಅವಳ ಪಾಲನ್ನೆಲ್ಲ ಬೇರೆಯವರಿಂದ ಮಾಡಿಸಿದ್ದಾರಂತೆ. "ಬೇಜಾರ್ ಮಾಡ್ಕೋಬೇಡಿ ಅಕ್ಕಾ" ಅಂದ ಇಂಜಿನಿಯರ್. "ಅಯ್ಯೋ, ನಿಮ್ಮದೇನು ತಪ್ಪು" ಅಂದಳು. ಗಂಡನಿಗೆ ಇವತ್ತು ಹೇಳೋಣ, ನಾಳೆ ಹೇಳೋಣ ಎನ್ನುವಷ್ಟರಲ್ಲಿ ಸಿನಿಮಾ ಬಿಡುಗಡೆಯಾಯಿತು. ಅವನೇ ಹೋಗಿ ಎರಡು ಟಿಕೆಟ್ ತಂದ. ಅವನ ಕಿವಿಯ ಮುಂದೆ ಬಣ್ಣ ಬಯಲಾಗದೆ ಇರುತ್ತದೆಯೇ? ಒಂದು ಕಾಲದಲ್ಲಿ, ಅವಳಿಗೆ ನೆಗಡಿ ಬರುವ ಮುನ್ನವೇ ದನಿ ಕೇಳಿ ಹೇಳುತ್ತಿದ್ದವನು.

ಮಧ್ಯಾಹ್ನದ ಆಟ. ಮೊದಲ ಮಾತಿಗೇ ಅವಳು ಓರೆಗಣ್ಣಿನಿಂದ ಅವನನ್ನು ನೋಡಿದಳು. ಯಾವುದೋ ಹುಡುಗಿಯ ತೆಳ್ಳನೆಯ ದನಿ. ಅವನು ಮುಂದಕ್ಕೆ ಬಾಗಿ ಕೇಳುತ್ತಿದ್ದ. ವೆನಿಸ್ ಬಂತು. ಗಂಡ ನೀರಿಗೆ ಬಿದ್ದ, ಹೆಂಡತಿ ನಕ್ಕಳು, ಚಿತ್ರಮಂದಿರಕ್ಕೆ ಚಿತ್ರಮಂದಿರವೇ ನಕ್ಕಿತು. ಇವನೂ ನಕ್ಕ, ಸದ್ದಿಲ್ಲದೆ, ಭುಜ ಕುಲುಕಿಸುತ್ತ. ಆಮೇಲೆ ಪುಸ್ತಕ ತೆಗೆದು ಪರದೆಯ ಬೆಳಕಿನಲ್ಲಿ ಗೀಚಿ ಅವಳ ತೊಡೆಯ ಮೇಲಿಟ್ಟ.

'ನಿನ್ನ ಹಾಗೆ ಯಾರೂ ನಗಲಾರರು.'

ಅವಳು ಅವನ ಮುಖ ನೋಡಿದಳು. ಸುಳ್ಳು ಹೇಳುವ ಮುಖವಲ್ಲ ಅದು. ಅವನಿಗೆ ನಿಜವಾಗಿಯೂ ತಿಳಿದಿರಲಿಲ್ಲ. ಕಿವಿಯೂ ಹೋಗಿತ್ತು. ಅವಳು ಹೂಂ ಎಂದು ತಲೆಯಾಡಿಸಿ, ಪುಸ್ತಕ ಮಡಚಿ ಅವನ ಕೈಗಿತ್ತಳು.

ಆಮೇಲೆ ಸ್ಟುಡಿಯೋದಿಂದ ಕರೆ ಬರಲೇ ಇಲ್ಲ. ಆ ಸಿನಿಮಾ ಮಾತ್ರ ಟೀವಿಯಲ್ಲಿ ಮತ್ತೆ ಮತ್ತೆ ಬರುತ್ತದೆ. ಮನೆಗೆ ಯಾರೇ ಬರಲಿ, ಅವನು ಅವರನ್ನು ಟೀವಿ ಮುಂದೆ ಕೂರಿಸುತ್ತಾನೆ. ಮೊನ್ನೆ ಅವನ ತಂಗಿ ಬಂದಿದ್ದಳು. ಸ್ವಲ್ಪ ಹೊತ್ತು ಕೇಳಿ, ಹುಬ್ಬು ಗಂಟಿಕ್ಕಿದಳು.

"ಅತ್ತಿಗೆ, ಇದು ನಿಮ್ಮ ದನಿ ಥರ ಇಲ್ವಲ್ಲ?"

"ಆವತ್ತು ನೆಗಡಿಯಾಗಿತ್ತು ಕಣೇ" ಅಂದಳು ಅವಳು, ಟೀವಿಯ ಸದ್ದು ಇನ್ನಷ್ಟು ಏರಿಸುತ್ತ.